ಸುಕ್ಕರಾ ಯಾರ ತಾಯಿ?

ಶಾಜ್ಲಿಗೆ ಎರಡು ಕೆಟ್ಟ ಅಭ್ಯಾಸಗಳಿದ್ದವು. ಒಂದು, ಚಹಾಕ್ಕೆ ಚಹಾಪುಡಿಗಿಂತ ಹೆಚ್ಚು ಸಕ್ಕರೆ ಹಾಕಿಕೊಳ್ಳುವುದು. ಇನ್ನೊಂದು, ಯಾವ ಮಾತನ್ನೂ ಇದ್ದಷ್ಟಕ್ಕೆ ಬಿಡದೆ ಅದಕ್ಕೆ ಕೈಕಾಲು ಮೂಡಿಸಿ ಊರೆಲ್ಲ ಓಡಾಡಿಸುವುದು. ಮೊದಲನೆಯದರಿಂದ ಅವನ ಹಲ್ಲು ಹೋದವು. ಎರಡನೆಯದರಿಂದ ಮಗಳ ಮದುವೆಯೇ ಹೋಗುವುದರಲ್ಲಿತ್ತು. ಈ ಕತೆ ಆ ಎರಡನೆಯದರದ್ದು, ಆದರೆ ಸಕ್ಕರೆಯಿಲ್ಲದೆ ಅದೂ ಶುರುವಾಗುವುದಿಲ್ಲ.

ಅವನ ಊರು ನಗಸಿದ್ರ, ಕೆನಾ ಸೀಮೆಯ ಕಬ್ಬಿನ ಗದ್ದೆಗಳ ನಡುವೆ. ಹೆಂಡತಿ ನವ್ವಾರಾ, ಮಗಳು ಬುದೂರ್ ಇಬ್ಬರೂ ಇದ್ದದ್ದು ಅಲ್ಲಿ. ಅವನ ಕೆಲಸ ಮಾತ್ರ ದೂರದಲ್ಲಿ, ಹಗಲಿಡೀ ರೈಲಿನಲ್ಲಿ ಕೂತು ಕೈರೋ ದಾಟಿದರೆ ಸಿಗುವ ಮರಳುಗಾಡಿನ ಅಂಚಿನ ಒಂದು ಲಾಯದಲ್ಲಿ. ಅಲ್ಲಿದ್ದವು ಸವಾರಿಯ ಕುದುರೆಗಳಲ್ಲ, ಓಟದವೂ ಅಲ್ಲ, ಔಷಧದ ಕುದುರೆಗಳು. ಚೇಳಿನ ವಿಷವನ್ನು ಎಷ್ಟೋ ಕಡಿಮೆ ಮಾಡಿ ಅವುಗಳ ಚರ್ಮದಡಿ ಚುಚ್ಚುತ್ತಾರೆ. ಕೆಲವು ದಿನ ಬಿಟ್ಟು ಇನ್ನೊಂದಿಷ್ಟು, ಆಮೇಲೆ ಮತ್ತೊಂದಿಷ್ಟು. ಕುದುರೆಯ ಮೈ ವಿಷದ ಜೊತೆ ಗುದ್ದಾಡಲು ಕಲಿತ ಮೇಲೆ ಅದರ ಕುತ್ತಿಗೆಯಿಂದ ರಕ್ತ ಇಳಿಸಿ, ತಿಳಿಯನ್ನು ಬೇರೆ ಮಾಡಿ, ಶುದ್ಧಗೊಳಿಸಿ ಪುಟ್ಟ ಬಾಟಲಿಗಳಲ್ಲಿ ತುಂಬುತ್ತಾರೆ. ಚೇಳು ಕಡಿದವರಿಗೆ ಅದೇ ಮದ್ದು.

ಶಾಜ್ಲಿ ಅಲ್ಲಿಗೆ ಲದ್ದಿ ಬಾಚಲು ಸೇರಿದ್ದ. ಮೀಸೆ ಬೆಳ್ಳಗಾಗುವ ಹೊತ್ತಿಗೆ ಲಾಯದ ಮೇಸ್ತ್ರಿಯಾಗಿದ್ದ. ಕುದುರೆಗಳಿಗೆ ನಂಬರು ಮಾತ್ರ ಇರಬೇಕು, ಹೆಸರಿಡಬಾರದು ಎಂದು ಅಲ್ಲೊಂದು ನಿಯಮವಿತ್ತು. ಹೆಸರಿಟ್ಟರೆ ಕಣ್ಣೀರು ಬರುತ್ತದೆ, ಕಣ್ಣೀರು ಬಂದರೆ ಕೆಲಸ ಕೆಡುತ್ತದೆ ಎಂದು ಯಾರೋ ಹಳೆಯ ಅಧಿಕಾರಿ ಲೆಕ್ಕ ಹಾಕಿದ್ದಿರಬೇಕು. ಶಾಜ್ಲಿ ಆ ನಿಯಮವನ್ನು ಕೇಳಿ ತಲೆಯಾಡಿಸಿ, ಲಾಯಕ್ಕೆ ಲಾಯವನ್ನೇ ನಾಮಕರಣ ಮಾಡಿ ಮುಗಿಸಿದ್ದ. ಒಂದಕ್ಕೆ ಭಾವಮೈದುನನ ಹೆಸರು, ಒಂದಕ್ಕೆ ತನ್ನನ್ನು ಶಾಲೆಯಲ್ಲಿ ಹೊಡೆಯುತ್ತಿದ್ದ ಮೇಷ್ಟ್ರ ಹೆಸರು. ಹಣೆಯಲ್ಲಿ ಬಿಳಿ ಬೊಟ್ಟಿದ್ದ ಕೆಂಚು ಹೆಣ್ಣುಕುದುರೆಯೊಂದು ಬಂದ ದಿನವೇ ಅವನ ನಿಲುವಂಗಿಯ ಜೇಬಿಗೆ ಮೂತಿ ತೂರಿಸಿ, ಚಹಾಕ್ಕೆಂದು ಇಟ್ಟುಕೊಂಡಿದ್ದ ಸಕ್ಕರೆ ಗಟ್ಟಿಗಳನ್ನೆಲ್ಲ ಜೇಬಿನ ಬಟ್ಟೆ ಸಮೇತ ಅಗಿದು ಹಾಕಿತು. ಅದಕ್ಕೆ ಸುಕ್ಕರಾ, ಎಂದರೆ ಸಕ್ಕರೆ, ಎಂದೇ ಹೆಸರಾಯಿತು. ಆ ದಿನ ಸಪ್ಪೆ ಚಹಾ ಕುಡಿದೆನಲ್ಲ ಎಂದು ಅವನು ಬಹಳ ದಿನ ಹೇಳಿಕೊಂಡು ತಿರುಗಿದ.

ಸುಕ್ಕರಾಳಿಗೆ ವಿಷ ಚುಚ್ಚುವ ದಿನ ಬಂದರೆ ಶಾಜ್ಲಿಯ ಮುಖ ಇಷ್ಟುದ್ದ ಆಗುತ್ತಿತ್ತು. ಅವಳ ತಲೆ ಹಿಡಿದುಕೊಳ್ಳುವವನು ಅವನೇ. ಚುಚ್ಚಿದ ಜಾಗ ಊದಿಕೊಂಡು ಅವಳು ಮೇವಿಗೆ ಬಾಯಿ ಹಾಕದಿದ್ದರೆ ಇವನೂ ಊಟ ಬಿಡುತ್ತಿದ್ದ. ಕಡೆಗೆ ಒಂದು ಉಪಾಯ ಮಾಡಿದ. ಸುಕ್ಕರಾಳಿಗೆ ಜ್ವರ, ಈ ಸಲ ಬಿಟ್ಟುಬಿಡಿ ಎಂದ. ಪಶುವೈದ್ಯೆ ಡಾಕ್ಟರ್ ಇಜ್ಲಾಲ್ ಬಿಟ್ಟರು. ಮುಂದಿನ ಸಲವೂ ಜ್ವರ ಬಂತು. ಇಡೀ ಲಾಯದಲ್ಲಿ ಒಂದೇ ಕುದುರೆಗೆ, ಅದೂ ಸೂಜಿಯ ದಿನವೇ ಹುಡುಕಿಕೊಂಡು ಬರುವ ಈ ಜ್ವರವನ್ನು ಕಂಡು, ಕನ್ನಡಕದ ಆ ಕುಳ್ಳ ಹೆಂಗಸು ಥರ್ಮಾಮೀಟರನ್ನು ಶಾಜ್ಲಿಯ ಬಾಯಿಗೇ ಇಟ್ಟರು. ಹುಡುಗರೆಲ್ಲ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡು ನಿಲ್ಲದೆ ಬೇರೆ ದಾರಿ ಇರಲಿಲ್ಲ.

"ಜ್ವರ ಇರೋದು ನಿಮಗೆ ಶಾಜ್ಲಿ ಕಾಕಾ," ಎಂದರು ಡಾಕ್ಟರು. "ನನಗೂ ಇದೆ. ಆದ್ರೆ ಕೆಲಸ ನಿಲ್ಸೋ ಹಾಗಿಲ್ಲ."

ಆಮೇಲೆ ಅವರು ಅವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಈ ಕೆಲಸದಲ್ಲಿ ತನಗೂ ಸಂತೋಷವಿಲ್ಲ, ಆದರೆ ಬೇಸಿಗೆಯಲ್ಲಿ ಮಕ್ಕಳು ಸಾಯುವುದನ್ನು ತಾನು ಕಣ್ಣಾರೆ ಕಂಡಿದ್ದೇನೆ. ಕುದುರೆಯ ಪಾಡು ಪರವಾಗಿಲ್ಲ, ಹಿಂದಿನ ಕಟ್ಟಡಕ್ಕೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಬಿಳಿ ಇಲಿಗಳಿವೆ. ಪ್ರತಿ ಸಲದ ಮದ್ದನ್ನೂ ಮೊದಲು ಅವುಗಳ ಮೇಲೆ ನೋಡಬೇಕು. ವಿಷವನ್ನೂ ಮದ್ದನ್ನೂ ಕೊಟ್ಟು ಎಷ್ಟು ಬದುಕುತ್ತವೆ, ಎಷ್ಟು ಸಾಯುತ್ತವೆ ಎಂದು ತಿಳಿದ ಮೇಲೆಯೇ ಬಾಟಲಿ ಹೊರಗೆ ಹೋಗುವುದು. ಶಾಜ್ಲಿ ಇದನ್ನೆಲ್ಲ ಕೇಳಿದ. ಅಂದಿನಿಂದ ಹಿಂದಿನ ಕಟ್ಟಡದ ಮುಂದೆ ಹೋಗುವಾಗ ಮುಖ ತಿರುಗಿಸಿಕೊಂಡು ಹೋಗತೊಡಗಿದ. ಇಲಿಗಳಿಗೆ ತಾನು ಹೆಸರಿಟ್ಟಿಲ್ಲ, ಆದ್ದರಿಂದ ಅವು ತನಗೆ ಸಂಬಂಧಪಟ್ಟವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಹಳೆಯ ಅಧಿಕಾರಿಯ ನಿಯಮ ತಲೆಗೆ ಹತ್ತಿದ್ದು ಆ ಒಂದು ವಿಷಯದಲ್ಲಿ ಮಾತ್ರ.

ಬುದೂರ್ ಇನ್ನೂ ಶಾಲೆಗೆ ಸೇರಿದ ಹೊಸತು. ರಜೆಗೆಂದು ಶಾಜ್ಲಿ ಊರಿಗೆ ಬಂದಿದ್ದ. ಪಕ್ಕದ ಮನೆಯ ಉಮ್ಮ್ ಹಿಲಾಲ್ ವಿಧವೆ. ಇಡೀ ಬೀದಿಗೆ ರೊಟ್ಟಿ ಸುಟ್ಟುಕೊಡುವವಳು. ಅವಳ ಅಂಗಳದ ಒಲೆಯ ಪಕ್ಕ ಉರಿಸಲೆಂದು ಕಬ್ಬಿನ ಒಣಗರಿಗಳ ರಾಶಿ ಇರುತ್ತಿತ್ತು. ಅವಳ ಮಗ ಹಿಲಾಲ್ ಮತ್ತು ಬುದೂರ್ ಅದರೊಳಗೆ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಮೊದಲು ಕಿರುಚಿದ್ದು ಬುದೂರ್. ಅವಳ ಕೈ ಹಿಡಿದೆಳೆದು ಹೊರಗೆ ತರಲು ಹೋದ ಹಿಲಾಲನನ್ನೂ ಅದೇ ಚೇಳು ಕಡಿಯಿತು. ಇಬ್ಬರ ಬಾಯಲ್ಲೂ ಜೊಲ್ಲು ಸುರಿಯಿತು, ಮೈ ಬೆವರಿ ಅದುರತೊಡಗಿತು. ಶಾಜ್ಲಿ ಒಬ್ಬರನ್ನು ಬಲಕ್ಕೆ ಒಬ್ಬರನ್ನು ಎಡಕ್ಕೆ ಅವುಚಿಕೊಂಡು ಆಟೋ ಹತ್ತಿದ. ಆರೋಗ್ಯ ಕೇಂದ್ರದಲ್ಲಿ ನರ್ಸು ಬಾಟಲಿಯ ಕತ್ತು ಮುರಿದು ಸೂಜಿಗೆ ಎಳೆದಳು. ಸಂಜೆಯ ಹೊತ್ತಿಗೆ ಬುದೂರ್ ನೀರು ಕೇಳಿದಳು, ಹಿಲಾಲ್ ಜೇನು ಹಾಕಿದ ರೊಟ್ಟಿ ಕೇಳಿದ.

ಆಗ ಶಾಜ್ಲಿ ಖಾಲಿ ಬಾಟಲಿ ಎತ್ತಿ ನೋಡಿದ. ಅದರ ಮೇಲೆ ಅವನ ಲಾಯದ ಗುರುತಿತ್ತು. ಆರೋಗ್ಯ ಕೇಂದ್ರದ ಮೆಟ್ಟಿಲ ಮೇಲೆ ಕೂತು ಅವನು ಅತ್ತ, ನಕ್ಕ, ಮತ್ತೆ ಅತ್ತ. ಸುಳ್ಳು ಜ್ವರ ಹೇಳಿ ತಾನು ತಪ್ಪಿಸಿದ ಆ ಒಂದು ಸಲದ ಮದ್ದು ಇನ್ಯಾರ ಮಗುವಿಗೆ ಸಿಗದೆ ಹೋಯಿತೋ ಎಂದು ತನ್ನನ್ನೇ ಬೈದುಕೊಂಡ. ಅದಾದ ಮೇಲೆ ಸುಕ್ಕರಾಳಿಗೆ ಜ್ವರ ಬರಲಿಲ್ಲ. ಸೂಜಿಯ ದಿನ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ಕಿವಿಯಲ್ಲಿ ಬುದೂರಳ ಸುದ್ದಿ ಹೇಳುತ್ತ ನಿಲ್ಲುತ್ತಿದ್ದ.

ಮಾತಿಗೆ ಕೈಕಾಲು ಮೂಡಿದ್ದು ಆಗಲೇ. ನಮ್ಮಲ್ಲಿ ಒಬ್ಬ ಹೆಂಗಸಿನ ಎದೆಹಾಲು ಕುಡಿದ ಕೂಸು ಅವಳಿಗೆ ಮಗುವೇ ಆಗುತ್ತದೆ. ಅವಳು ಅದರ ಹಾಲುತಾಯಿ. ಅವಳ ಹಾಲು ಕುಡಿದವರೆಲ್ಲ ಒಡಹುಟ್ಟಿದವರಿದ್ದ ಹಾಗೆ, ಅವರವರಲ್ಲಿ ಮದುವೆ ಆಗುವಂತಿಲ್ಲ. ಇದು ಎಲ್ಲರಿಗೂ ಗೊತ್ತು. ಶಾಜ್ಲಿ ಏನು ಮಾಡಿದ? ಹಾಲು ಕೊಟ್ಟವಳೇ ತಾಯಿಯಾದರೆ ರಕ್ತ ಕೊಟ್ಟವಳು ಇನ್ನೆಷ್ಟು ದೊಡ್ಡ ತಾಯಿ ಎಂದು ಸಾರಿದ. ನಗಸಿದ್ರದಲ್ಲಿ ಚೇಳು ಕಡಿದು ಬದುಕಿದವರು ಮನೆಗೊಬ್ಬರಾದರೂ ಇದ್ದರು. ಅವರೆಲ್ಲರನ್ನೂ ಸುಕ್ಕರಾಳ ಮಡಿಲಿಗೆ ಹಾಕಿಬಿಟ್ಟ. ರಜೆಗೆ ಬಂದಾಗಲೆಲ್ಲ ಬೀದಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ, ನಿನ್ನ ತಾಯಿ ನಿನ್ನನ್ನು ಕೇಳಿದಳು, ಸಣ್ಣಗಾಗಿದ್ದೀಯಂತೆ ಎನ್ನುತ್ತಿದ್ದ. ಊರಿಗೆ ಇದು ಬಹಳ ಹಿಡಿಸಿತು. ಹಬ್ಬ ಬಂದರೆ ಮಕ್ಕಳು ತಾಯಿಗೆ ಕೊಡು ಎಂದು ಸಕ್ಕರೆ ಗಟ್ಟಿ ತಂದು ಅವನ ಜೇಬಿಗೆ ತುರುಕುತ್ತಿದ್ದರು. ಅರ್ಧ ಸುಕ್ಕರಾಳಿಗೆ, ಅರ್ಧ ಅವನ ಚಹಾಕ್ಕೆ.

ನವ್ವಾರಾಗೆ ಮಾತ್ರ ಇದು ಹಿಡಿಸಲಿಲ್ಲ. "ಅವಳಿಗೆ ವಿಷ ಹಾಕ್ತೀರಿ, ರಕ್ತ ಹೀರ್ತೀರಿ, ಆಮೇಲೆ ಅಮ್ಮಾ ಅಂತ ಕರೀತೀರಿ. ಒಳ್ಳೆ ಮಕ್ಕಳು ಬಿಡಿ," ಎಂದು ಮೂಗು ಮುರಿದಳು. ಗಂಡ ಅದನ್ನು ಹೊಟ್ಟೆಕಿಚ್ಚಿನ ಮಾತು ಎಂದು ತಳ್ಳಿಹಾಕಿದ.

ಉಮ್ಮ್ ಹಿಲಾಲ್ ಮೊದಲು ಸಿಡಿದಿದ್ದಳು. ಹಿಲಾಲನ ತಾಯಿ ಎಂದೇ ಊರು ತನ್ನನ್ನು ಕರೆಯುವಾಗ ಇನ್ನೊಬ್ಬಳು ಎಲ್ಲಿಂದ ಬಂದಳು ಎಂದು ಅವಳ ಪ್ರಶ್ನೆ. ಆಮೇಲೆ ಯೋಚಿಸಿದಳು. ಅವಳು ತಮಾಷೆ ತಿಳಿಯದ ಹೆಂಗಸು. ರೊಟ್ಟಿಯನ್ನು ತೂಗಿ ಕೊಡುವ ಹಾಗೆ ಮಾತನ್ನೂ ತೂಗಿಯೇ ತೆಗೆದುಕೊಳ್ಳುವವಳು. ಮೇಸ್ತ್ರಿ ಹೇಳಿದ ಮೇಲೆ ಅದು ಇದ್ದೇ ಇರಬೇಕು ಎಂದು ನಂಬಿದಳು. ಐದು ಹೊತ್ತಿನ ಪ್ರಾರ್ಥನೆಯಲ್ಲಿ ಕಾಣದ ಆ ಕುದುರೆಗೂ ಒಂದು ಪಾಲು ಸೇರಿತು.

ವರ್ಷಗಳು ಕಳೆದವು. ಬುದೂರ್ ಓದಿ, ತನಗೆ ಸೂಜಿ ಚುಚ್ಚಿದ ಆರೋಗ್ಯ ಕೇಂದ್ರದಲ್ಲೇ ನರ್ಸಾದಳು. ಹಿಲಾಲ್ ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರ ರಿಪೇರಿಗೆ ಸೇರಿದ. ಸುಕ್ಕರಾ ಮುದಿಯಾದಳು. ಅವಳ ರಕ್ತದಲ್ಲಿ ಮೊದಲಿನ ಕಸುವಿಲ್ಲ, ಇನ್ನು ಸಾಕು ಎಂದು ಪರೀಕ್ಷೆ ಮಾಡಿದವರು ಹೇಳಿದರು. ಸಾಕು ಎಂದರೆ ಏನೆಂದು ಶಾಜ್ಲಿಗೆ ಗೊತ್ತಿತ್ತು. ಸಾಕಾದ ಕುದುರೆಗಳನ್ನು ಹತ್ತಿಸಿಕೊಂಡು ಹೋಗಲು ಒಂದು ಲಾರಿ ಬರುತ್ತಿತ್ತು. ಅದು ಹೋಗುತ್ತಿದ್ದುದು ಸಿಂಹಗಳನ್ನು ಸಾಕಿದ ಕಡೆಗೆ. ಲಾಯದ ಭಾವಮೈದುನ ಆ ಲಾರಿಯಲ್ಲೇ ಹೋಗಿದ್ದ, ಲಾಯದ ಮೇಷ್ಟ್ರೂ ಹೋಗಿದ್ದರು. ಆ ಬೆಳಗುಗಳಲ್ಲಿ ಶಾಜ್ಲಿ ಕೈರೋದಲ್ಲಿ ಏನೋ ಕೆಲಸ ಹುಡುಕಿಕೊಂಡು ಮಾಯವಾಗುತ್ತಿದ್ದ.

ಸುಕ್ಕರಾಳ ಸರದಿಗೆ ಮಾಯವಾಗಲು ಅವನಿಂದ ಆಗಲಿಲ್ಲ. ಡಾಕ್ಟರ್ ಇಜ್ಲಾಲ್ ಮೇಲಿನವರ ಹತ್ತಿರ ಕಾದಾಡಿ ಒಂದು ದಾರಿ ಮಾಡಿಸಿಕೊಟ್ಟರು. ಅಂಗಳವೂ ಮೇವೂ ಇರುವ ಯಾರಾದರೂ, ಸಾಯುವವರೆಗೆ ಸಾಕುತ್ತೇನೆ, ಗಾಡಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ ಎಂದು ಒಪ್ಪಿಕೊಂಡರೆ ಅವಳನ್ನು ಬಿಡಬಹುದು. ಬಕ್ರೀದ್ ಕಳೆದ ಮೇಲೆ ಲಾರಿ ಬರುತ್ತದೆ, ಅಷ್ಟರೊಳಗೆ ಆಗಬೇಕು. ಶಾಜ್ಲಿಯ ಮನೆ ಅಣ್ಣತಮ್ಮಂದಿರ ಪಾಲಾಗಿ ಅವನಿಗೆ ಉಳಿದಿದ್ದು ಮಹಡಿ ಮಾತ್ರ. ಕುದುರೆಯನ್ನು ಮೆಟ್ಟಿಲು ಹತ್ತಿಸಲಾದೀತೆ? ಉಮ್ಮ್ ಹಿಲಾಲಳ ಬಳಿ ಅಂಗಳವಿತ್ತು, ಖರ್ಜೂರದ ನೆರಳಿತ್ತು, ಹಿತ್ತಲಲ್ಲಿ ಒಂದು ತುಂಡು ಹಸಿಮೇವಿನ ಗದ್ದೆಯಿತ್ತು. ಶಾಜ್ಲಿ ತಲೆ ಕೆರೆದುಕೊಂಡು ಮಾತು ತೆಗೆದ. ಅವಳು ಅವನಿಗೆ ಮುಗಿಸಲೂ ಬಿಡಲಿಲ್ಲ.

"ನನ್ನ ಮಗನಿಗೆ ಜೀವ ಕೊಟ್ಟ ತಾಯಿ ಸಿಂಹದ ಬಾಯಿಗೆ ಹೋಗೋದಾ? ಕರ್ಕೊಂಡು ಬಾ. ಇಬ್ಬರು ತಾಯಂದಿರು ಒಂದೇ ಮನೇಲಿ ಇರ್ತೀವಿ."

ಶಾಜ್ಲಿ ರೈಲು ಹತ್ತಿ ಕೆಲಸಕ್ಕೆ ಮರಳಿದಾಗ ಅವನ ಕಾಲು ನೆಲದ ಮೇಲಿರಲಿಲ್ಲ. ಲಾಯದ ಹುಡುಗರಿಗೆಲ್ಲ ಚಹಾ ಕುಡಿಸಿದ. ಹೀಗೆ ಅವನು ಮೆರೆಯುತ್ತಿದ್ದ ವಾರದಲ್ಲೇ ಇತ್ತ ನಗಸಿದ್ರದಲ್ಲಿ ಹಿಲಾಲ್ ತನ್ನ ತಾಯಿಯ ಮುಂದೆ ಕೂತು, ಬುದೂರಳನ್ನು ಬಿಟ್ಟು ಇನ್ಯಾರನ್ನೂ ಮದುವೆಯಾಗುವುದಿಲ್ಲ ಎಂದ.

ಯಾರಿಗೂ ಇದು ಹೊಸ ಸುದ್ದಿಯಲ್ಲ. ಕಾರ್ಖಾನೆಯಲ್ಲಿ ಅವನ ಕೈಗೆ ವಾರಕ್ಕೊಮ್ಮೆ ಏಕೆ ಗಾಯವಾಗುತ್ತದೆ, ಪಟ್ಟಿ ಕಟ್ಟಿಸಿಕೊಳ್ಳಲು ಕಾರ್ಖಾನೆಯ ದವಾಖಾನೆ ಬಿಟ್ಟು ಊರಿನ ಆರೋಗ್ಯ ಕೇಂದ್ರಕ್ಕೇ ಏಕೆ ಬರುತ್ತಾನೆ ಎಂದು ಊರಿಗೆಲ್ಲ ಅಂದಾಜಿತ್ತು. ಅಂದಾಜಿಲ್ಲದಿದ್ದುದು ಉಮ್ಮ್ ಹಿಲಾಲಳಿಗೆ ಒಬ್ಬಳಿಗೇ. ಅವಳ ಮುಖ ಬಿಳುಚಿಕೊಂಡಿತು. ರೊಟ್ಟಿ ಒಲೆಯಲ್ಲೇ ಸೀದುಹೋಯಿತು.

"ಅವಳು ನಿನ್ನ ತಂಗಿ ಕಣೋ," ಎಂದಳು.

ವಿಚಾರಿಸಲು ಬಂದ ನವ್ವಾರಾ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎದುರಿಗಿದ್ದವಳು ನಗುತ್ತಿಲ್ಲ, ಕಣ್ಣೊರೆಸಿಕೊಳ್ಳುತ್ತಿದ್ದಾಳೆ ಎಂದು ಕಂಡಾಗ ಅವಳ ನಗು ನಿಂತಿತು. ಒಂದೇ ತಾಯಿಯ ರಕ್ತ ಇಬ್ಬರ ಮೈಯಲ್ಲೂ ಇದೆ, ಹಾಗೆಂದು ಬುದೂರಳ ಅಪ್ಪನೇ ಇಷ್ಟು ವರ್ಷ ಸಾರಿದ್ದಾನೆ, ಈಗ ಅಣ್ಣ ತಂಗಿಗೆ ಮದುವೆ ಮಾಡಿ ತಾನು ದೇವರಿಗೆ ಏನು ಉತ್ತರ ಕೊಡಲಿ ಎಂದು ಉಮ್ಮ್ ಹಿಲಾಲ್ ಕೇಳಿದಳು. ನವ್ವಾರಾ ನೆಟ್ಟಗೆ ಮನೆಗೆ ಬಂದು ಗಂಡನಿಗೆ ಫೋನು ಮಾಡಿದಳು.

"ಬುದೂರ್ ಅಪ್ಪಾ, ಹಲ್ಲು ಹೋದ ಮೇಲಾದ್ರೂ ಆ ನಾಲಿಗೆ ಒಂದು ಕಡೆ ಇರಬಾರದಿತ್ತಾ? ನಿಮ್ಮ ಕುದುರೆ ಈಗ ಮಗಳ ಮದುವೆ ಮೇಯ್ತಿದೆ. ಬಂದು ಬಿಡಿಸ್ಕೊಳ್ಳಿ."

ಊರಿಗೆ ಬರುವ ರೈಲಿನಲ್ಲಿ ಶಾಜ್ಲಿ ಎಂದೂ ಇಲ್ಲದ ಹಾಗೆ ಬಾಯಿ ಮುಚ್ಚಿಕೊಂಡು ಕೂತಿದ್ದ. ಅಡಕತ್ತರಿಯಲ್ಲಿ ಸಿಕ್ಕಿಬಿದ್ದಿದ್ದೇನೆಂದು ಅವನಿಗೆ ಚೆನ್ನಾಗಿ ಅರ್ಥವಾಗಿತ್ತು. ಸುಕ್ಕರಾ ತಾಯಿಯೇ ಹೌದು ಎಂದರೆ ಕುದುರೆ ಉಳಿಯುತ್ತದೆ, ಮಗಳ ಮದುವೆ ಮುರಿಯುತ್ತದೆ. ತಾಯಿಯಲ್ಲ, ನಾನು ಸುಮ್ಮನೆ ಬೊಗಳೆ ಬಿಟ್ಟೆ ಎಂದರೆ ಮದುವೆ ನಡೆಯುತ್ತದೆ. ಆದರೆ ಕೆಲಸಕ್ಕೆ ಬಾರದ ಮುದಿ ಕುದುರೆಯನ್ನು ಉಮ್ಮ್ ಹಿಲಾಲ್ ಏಕೆ ಸಾಕಿಯಾಳು? ತಾಯಿಯೆಂದು ನಂಬಿ ಬಾಗಿಲು ತೆರೆದವಳು, ಇಷ್ಟು ವರ್ಷ ತನಗೆ ಟೋಪಿ ಹಾಕಿದರೆಂದು ತಿಳಿದ ಮೇಲೆ ಬಾಗಿಲು ಹಾಕಿಕೊಳ್ಳುತ್ತಾಳೆ. ಲಾರಿ ಬರಲು ಹೆಚ್ಚು ದಿನ ಉಳಿದಿರಲಿಲ್ಲ.

ಮನೆಗೆ ಬಂದವನಿಗೆ ಬುದೂರ್ ನೀರು ಕೊಟ್ಟಳು. ಅವಳು ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಅದೇ ಅವನಿಗೆ ಹೆಚ್ಚು ಕಷ್ಟವಾಯಿತು.

"ಅಪ್ಪಾ, ನನಗೋಸ್ಕರ ಅವಳನ್ನ ಲಾರಿ ಹತ್ತಿಸಬೇಡಿ," ಎಂದಳು. "ಅವಳಿಗೋಸ್ಕರ ಅಂತ ನನ್ನನ್ನೂ ಮನೇಲಿ ಕೂರಿಸಬೇಡಿ. ನಿಜ ಏನಿದೆಯೋ ಅದನ್ನ ಹೇಳಿ."

ನಿಜ ಹೇಳುವ ಅಭ್ಯಾಸ ಅಷ್ಟಾಗಿ ಇಲ್ಲದ ಮನುಷ್ಯನಿಗೆ ಇದು ಸಣ್ಣ ಕೆಲಸವಲ್ಲ.

ಮಧ್ಯಾಹ್ನದ ನಂತರದ ಪ್ರಾರ್ಥನೆ ಮುಗಿಸಿಕೊಂಡು ಶೇಖ್ ಬಕ್ರಿ ಉಮ್ಮ್ ಹಿಲಾಲಳ ಅಂಗಳಕ್ಕೆ ಬಂದರು. ಊರಿನ ಮದುವೆಗಳನ್ನೆಲ್ಲ ಮಾಡಿಸುವವರು ಅವರೇ. ಅಂಗಳದಲ್ಲಿ ಕೂರಲು ಜಾಗವಿರಲಿಲ್ಲ. ಚೇಳು ಕಡಿದು ಬದುಕಿದವರಂತೂ ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಅವರಲ್ಲಿ ಇಬ್ಬರು ಆಗಲೇ ಗಂಡ ಹೆಂಡತಿ. ತಾವೂ ಅಣ್ಣ ತಂಗಿಯಾಗಿಬಿಟ್ಟರೆ ಮಕ್ಕಳನ್ನು ಏನೆಂದು ಕರೆಯುವುದೋ ಎಂದು ಅವರಿಗೆ ಯೋಚನೆ ಹತ್ತಿತ್ತು. ಚಹಾ ಬಂತು. ಶಾಜ್ಲಿ ಸಕ್ಕರೆ ಹಾಕಿಕೊಳ್ಳುವುದನ್ನೇ ಮರೆತ.

ಶೇಖರು ವಿಷಯ ಕೇಳಿದರು, ಗಡ್ಡ ನೀವಿಕೊಂಡರು. ಹಾಲುತಾಯಿ ಆಗಬೇಕಾದರೆ ಅವಳು ಹೆಂಗಸಾಗಿರಬೇಕು, ಕುಡಿದದ್ದು ಹಾಲಾಗಿರಬೇಕು, ಕುಡಿದವನು ಹಾಲು ಬಿಡದ ಕೂಸಾಗಿರಬೇಕು, ಇಲ್ಲಿ ಈ ಮೂರರಲ್ಲಿ ಒಂದೂ ಇಲ್ಲ ಎಂದು ಸಾವಧಾನವಾಗಿ ಹೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಈ ಬೀದಿಯೋರೆಲ್ಲ ಹುಟ್ಟಿದಾಗಿಂದ ಹಾಜಿ ಮನೆ ಎಮ್ಮೆ ಹಾಲು ಕುಡಿದೇ ಬೆಳೆದಿದ್ದೀರಿ," ಎಂದರು. "ಅದೂ ಲೆಕ್ಕಕ್ಕೆ ಬರೋ ಹಾಗಿದ್ರೆ ಈ ಊರಲ್ಲಿ ಇದುವರೆಗೆ ನಾನು ಮಾಡಿಸಿದ ಒಂದು ಮದುವೇನೂ ಉಳಿಯೋದಿಲ್ಲ."

ಅಂಗಳ ನಗೆಯಲ್ಲಿ ಮುಳುಗಿತು. ಯೋಚನೆ ಹತ್ತಿದ್ದ ಗಂಡ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕರು. ಉಮ್ಮ್ ಹಿಲಾಲ್ ಮಾತ್ರ ನಗಲಿಲ್ಲ. ಶೇಖರ ಮಾತನ್ನು ತಾನು ತಲೆಯ ಮೇಲಿಟ್ಟುಕೊಳ್ಳುತ್ತೇನೆ, ಆದರೆ ಇದನ್ನು ಮೊದಲು ಹೇಳಿದವನು ಶಾಜ್ಲಿ, ಅವನು ಆ ಕುದುರೆಯ ಜೊತೆಯಲ್ಲೇ ಬಾಳಿದವನು, ತಾಯಿ ಹೌದೋ ಅಲ್ಲವೋ ಅವನ ಬಾಯಿಂದಲೇ ಕೇಳಬೇಕು ಎಂದಳು.

ಎಲ್ಲರೂ ಶಾಜ್ಲಿಯತ್ತ ತಿರುಗಿದರು. ಅವನು ಎದ್ದು ನಿಂತ. ಮೊದಲು ಅವನ ತಲೆಯಲ್ಲಿ ಎರಡು ಕಡೆಗೂ ಹೊಂದುವ ಒಂದು ಜಾಣ ಮಾತು ಸಿದ್ಧವಿತ್ತು. ರೈಲಿನುದ್ದಕ್ಕೂ ಅದನ್ನೇ ತಿದ್ದಿ ತೀಡಿದ್ದ. ಬಾಯಿ ತೆರೆಯುವಾಗ ಸುಕ್ಕರಾಳ ಮುಖ ಕಣ್ಣಿಗೆ ಬಂತು. ಸೂಜಿ ಒಳಗೆ ಹೋಗುವಾಗ ಅವಳು ಅವನ ಭುಜಕ್ಕೆ ಮೂತಿ ಒತ್ತಿ ಉಸಿರು ಹಿಡಿಯುತ್ತಿದ್ದ ಆ ಗಳಿಗೆ. ಜಾಣ ಮಾತು ಹಾಗೆಯೇ ಬಿದ್ದುಹೋಯಿತು.

"ತಾಯಿ ಅಲ್ಲ," ಎಂದ. "ತಾಯಿ ಆದವಳು ತಾನಾಗೇ ಕೊಡ್ತಾಳೆ. ಸುಕ್ಕರಾ ಯಾವತ್ತೂ ಏನೂ ಕೊಡ್ಲಿಲ್ಲ, ನಾವು ತಗೊಂಡ್ವಿ. ತಲೆ ಅಲ್ಲಾಡದ ಹಾಗೆ ಹಿಡ್ಕೊಂಡಿದ್ದು ನಾನು. ಬೇಡ ಅಂತ ಹೇಳೋಕೆ ಅವಳಿಗೆ ಬಾಯಿ ಇರ್ಲಿಲ್ಲ. ಕಣ್ಣಲ್ಲಿ ಹೇಳಿದ್ದು ನನಗೆ ಗೊತ್ತಾಗ್ತಿತ್ತು. ಮಗಳ ಜೀವ ಉಳೀತು, ಅದು ಬೇಡ ಅಂತ ನಾನು ಹೇಳಲಾರೆ, ನಾಳೆ ಮತ್ತೆ ಬಂದ್ರೂ ಹಿಡ್ಕೋತೀನಿ. ಆದ್ರೆ ಕಿತ್ಕೊಂಡೆ ಅಂತ ಅನ್ನೋಕೆ ನನಗೆ ಧೈರ್ಯ ಇರ್ಲಿಲ್ಲ. ಅಮ್ಮ ಅಂದ್ರೆ ಅವಳೇ ಪ್ರೀತಿಯಿಂದ ಕೊಟ್ಟ ಹಾಗೆ ಆಗುತ್ತಲ್ಲ, ಅದಕ್ಕೇ ಅಮ್ಮ ಅಂದೆ."

ಅವನು ಕೂತುಬಿಟ್ಟ. ಕೂತವನು, ಇನ್ನೊಂದು ಮಾತು ಉಳಿದಿದೆ ಎಂಬಂತೆ ತಲೆಯೆತ್ತಿ, ಆ ಕುದುರೆಗೆ ಯಾರೂ ಇಲ್ಲ ಎಂದು ಸಣ್ಣ ದನಿಯಲ್ಲಿ ಸೇರಿಸಿದ. ಅವನಿಗೆ ಅಳು ಬಂದಿತ್ತು. ಮಗಳ ಮದುವೆ ಉಳಿಸಿದ್ದಕ್ಕೆ ಸಂತೋಷವೂ ಆಗಿತ್ತು, ಸುಕ್ಕರಾಳನ್ನು ತನ್ನ ಕೈಯಾರೆ ಲಾರಿ ಹತ್ತಿಸಿದಂತೆಯೂ ಅನಿಸುತ್ತಿತ್ತು.

ಉಮ್ಮ್ ಹಿಲಾಲ್ ಮಾತನ್ನು ತೂಗುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಆಮೇಲೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಶಾಜ್ಲಿಯ ಎದುರಿಗೆ ಬಂದು ನಿಂತಳು.

"ತಾಯಿ ಹತ್ರ ಕಿತ್ಕೊಂಡು ತಿಂದ್ರೆ ತಾಯಿ ಮರ್ತುಬಿಡ್ತಾಳೆ. ಅವಳು ತಾಯಿ ಆಗಿದ್ರೆ ನಾನು ಇಷ್ಟು ಹೆದರ್ತಿರ್ಲಿಲ್ಲ. ಹೊರಗಿನವರ ಸಾಲ ತೀರಿಸ್ಲೇಬೇಕು. ಯಾರೂ ಅಲ್ಲದವಳ ಹತ್ರ ಕಿತ್ಕೊಂಡು ನನ್ನ ಮಗನ್ನ ಬದುಕಿಸಿದ್ದೀಯ, ಈಗ ಅವಳನ್ನ ಹೊರಗೆ ಹಾಕು ಅಂತೀಯಾ? ಎದ್ದೇಳು, ನಾಳೇನೇ ಹೋಗಿ ಕರ್ಕೊಂಡು ಬಾ. ಅವಳು ಈ ಅಂಗಳಕ್ಕೆ ಬಂದ್ಮೇಲೇ ನಿನ್ನ ಮಗಳು ಬರ್ಲಿ."

ಆಮೇಲೆ ಶೇಖರು ಎರಡೂ ಕೈ ಎತ್ತಿದರು. ಇಡೀ ಅಂಗಳ ಅವರ ಜೊತೆ ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಓದಿ ಮದುವೆಯ ಮಾತನ್ನು ಗಟ್ಟಿ ಮಾಡಿತು. ಹೆಂಗಸರು ನಾಲಗೆ ಹೊರಳಿಸಿ ಎಬ್ಬಿಸಿದ ಹರ್ಷದ ಕೂಗಿಗೆ ಖರ್ಜೂರದ ಮರದ ಪಾರಿವಾಳಗಳು ಹಾರಿಹೋದವು. ಹಿಲಾಲ್ ಗಾಯವೇ ಇಲ್ಲದ ಕೈಗೆ ಕಟ್ಟಿದ್ದ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿ ಜೇಬಿಗಿಟ್ಟುಕೊಂಡ.

ಸುಕ್ಕರಾ ತರಕಾರಿ ಲಾರಿಯೊಂದರಲ್ಲಿ ಬಂದಳು. ಅವಳ ಜೊತೆ ಹಿಂದೆ ನಿಂತು ಬಂದ ಶಾಜ್ಲಿಯ ತಲೆತುಂಬ ಎಲೆಕೋಸಿನ ಚೂರುಗಳಿದ್ದವು. ಅವಳು ಅಂಗಳಕ್ಕೆ ಕಾಲಿಟ್ಟು ಮೊದಲು ಮಾಡಿದ ಕೆಲಸವೆಂದರೆ, ಬಿಸಿಲಲ್ಲಿ ಉಬ್ಬಲೆಂದು ಇಟ್ಟಿದ್ದ ಹಿಟ್ಟಿನ ಉಂಡೆಗಳಲ್ಲಿ ಒಂದು ಸಾಲನ್ನು ಖಾಲಿ ಮಾಡಿದ್ದು. ಉಮ್ಮ್ ಹಿಲಾಲ್ ಬೈದ ಬೈಗುಳ ಬೀದಿಯ ಆ ತುದಿಗೂ ಕೇಳಿತು. ಮಾರನೆಯ ದಿನದಿಂದ ಅವಳು ಒಂದು ಸಾಲು ಹೆಚ್ಚಿಗೇ ಇಡತೊಡಗಿದಳು.

ಮದುವೆಗೆ ಡಾಕ್ಟರ್ ಇಜ್ಲಾಲ್ ಕೂಡ ಬಂದಿದ್ದರು. ಸುಕ್ಕರಾಳ ಗೊರಸು, ಹಲ್ಲು ಎಲ್ಲ ನೋಡಿ, ನಿಮಗಿಂತ ಇವಳ ಹಲ್ಲು ಗಟ್ಟಿ ಎಂದು ಶಾಜ್ಲಿಯನ್ನು ಛೇಡಿಸಿದರು. ಮದುಮಗಳ ಅಲಂಕಾರದಲ್ಲಿದ್ದ ಬುದೂರ್ ಅವರನ್ನು ಪಕ್ಕಕ್ಕೆ ಕರೆದು ಇಲಿಗಳ ವಿಷಯ ಕೇಳಿದಳು. ಅವುಗಳ ಕೆಲಸವನ್ನು ಗಾಜಿನ ಕೊಳವೆಯಲ್ಲೇ ಮಾಡಿ ಮುಗಿಸಲು ಹೆಣಗುತ್ತಿದ್ದೇವೆ, ಈಗ ಮೊದಲಿನಷ್ಟು ಇಲಿ ಬೇಕಾಗುವುದಿಲ್ಲ, ಆದರೆ ಪೂರ್ತಿ ಬಿಡುವ ದಾರಿ ಇನ್ನೂ ಸಿಕ್ಕಿಲ್ಲ ಎಂದರು ಡಾಕ್ಟರು. ಸಿಕ್ಕಿದೆ ಎಂದು ಸುಳ್ಳು ಹೇಳಲಿಲ್ಲ. ಹಿಂದೆ ನಿಂತು ಕೇಳಿಸಿಕೊಂಡ ಉಮ್ಮ್ ಹಿಲಾಲ್ ಗಾಬರಿಯಾಗಿ ಶಾಜ್ಲಿಯ ತೋಳು ಹಿಡಿದಳು. ಕುದುರೆ ತಂದದ್ದಾಯಿತು, ದೇವರಾಣೆ ಇಲಿಗಳನ್ನು ಮಾತ್ರ ತನ್ನ ಹಿಟ್ಟಿನ ಕೋಣೆಗೆ ತರಬಾರದು ಎಂದಳು. ಶಾಜ್ಲಿ ನಗಲು ಹೋದ, ಆಗಲಿಲ್ಲ. ಮರಳಿ ಕೆಲಸಕ್ಕೆ ಹೋದ ಮೇಲೆ ಅವನು ಹಿಂದಿನ ಕಟ್ಟಡದ ಬಾಗಿಲು ತಳ್ಳಿಕೊಂಡು ಒಂದು ಸಲ ಒಳಗೆ ಹೋಗಿ, ಸ್ವಲ್ಪ ಹೊತ್ತು ನಿಂತು ಬಂದನಂತೆ. ಅಲ್ಲಿ ಏನು ನೋಡಿದ ಎಂದು ಯಾರಿಗೂ ಹೇಳಲಿಲ್ಲ. ಊರೆಲ್ಲ ಓಡಾಡಿಸದೆ ಅವನು ಹೊಟ್ಟೆಯಲ್ಲಿಟ್ಟುಕೊಂಡ ಮಾತು ಅದೊಂದೇ ಇರಬೇಕು.

ಮದುವೆಯ ಮಾರನೆಯ ಬೆಳಿಗ್ಗೆ ಹುಡುಗಿಯ ತಾಯಿ ಹೊಸ ದಂಪತಿಗೆ ತಿಂಡಿ ಹೊತ್ತು ತರುವುದು ನಮ್ಮ ವಾಡಿಕೆ. ಸ್ವಂತ ಮಗಳಿಗೆ ಬಡಿಸುವ ಮೊದಲು ಅದನ್ನು ಯಾರೂ ಮುಟ್ಟುವಂತಿಲ್ಲ. ನವ್ವಾರಾ ದೊಡ್ಡ ತಟ್ಟೆಯಲ್ಲಿ ಅಕ್ಕಿ ತುಂಬಿದ ಪಾರಿವಾಳ, ತುಪ್ಪದ ಪದರರೊಟ್ಟಿ, ಜೇನು, ಕೆನೆ ಎಲ್ಲ ಜೋಡಿಸಿ, ಮೇಲೆ ಹೂವಿನ ಬಟ್ಟೆ ಮುಚ್ಚಿ ತಲೆಯ ಮೇಲೆ ಹೊತ್ತು ಉಮ್ಮ್ ಹಿಲಾಲಳ ಅಂಗಳಕ್ಕೆ ಬಂದಳು. ಹಿಂದೆ ಶಾಜ್ಲಿ. ಮಗಳು ಅಳಿಯ ಇದ್ದುದು ಮಹಡಿಯ ಕೋಣೆಯಲ್ಲಿ. ನವ್ವಾರಾ ಮೆಟ್ಟಿಲ ಹತ್ತಿರ ಹೋಗದೆ ಖರ್ಜೂರದ ನೆರಳಿಗೆ ತಿರುಗಿದಳು. ತಟ್ಟೆಯನ್ನು ಜಗುಲಿಯ ಮೇಲಿಳಿಸಿ, ಬಟ್ಟೆ ಸರಿಸಿ, ಜೇನಿನಲ್ಲಿ ಅದ್ದಿದ ರೊಟ್ಟಿಯ ಮೊದಲ ತುಂಡನ್ನು ಮುರಿದು ಸುಕ್ಕರಾಳ ಬಾಯಿಗೆ ಹಿಡಿದಳು.

ಇಷ್ಟು ವರ್ಷ ಆ ಕುದುರೆಯ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದ ಹೆಂಡತಿಯನ್ನು ಶಾಜ್ಲಿ ಬೆರಗಾಗಿ ನೋಡಿದ. "ಮಗಳಿಗಿಂತ ಮೊದಲು ಇವಳಿಗಾ?" ಎಂದ. "ಇವಳು ನಿನಗೇನಾಗಬೇಕು?"

"ಏನೂ ಆಗಬೇಕಿಲ್ಲ," ಎಂದಳು ನವ್ವಾರಾ, ಇನ್ನೊಂದು ತುಂಡು ಮುರಿಯುತ್ತ. "ಅದಕ್ಕೇ ಮೊದಲು ಇವಳಿಗೆ."